ಸೂರಜನಿಗೆ ಕೊಟ್ಟ ಅಂಕ

ಬೆಡೋಕ್, ಸಿಂಗಾಪುರ
೧೩ ಸೆಪ್ಟೆಂಬರ್ ೨೦೨೫, ಶನಿವಾರ

ಅಕ್ಕನಿಗೆ ತಮ್ಮ ಶಿವಯೋಗೀಶನ ಶರಣು.

ನಾನು ಕ್ಷೇಮ, ಸುಮಂಗಲಾ ಕ್ಷೇಮ. ನೀನು ಹೇಗಿದ್ದೀ ಎಂದು ಕೇಳುವ ಮುಖ ನನಗಿಲ್ಲ ಎಂದು ನೀನು ಅಂದುಕೊಳ್ಳುತ್ತೀ, ಆದರೂ ಕೇಳುತ್ತಿದ್ದೇನೆ. ಬೆಡೋಕ್‌ನಿಂದ ಹೌಗಾಂಗ್‌ಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಅಷ್ಟು ಹತ್ತಿರದಲ್ಲಿರುವ ಅಕ್ಕನಿಗೆ ಸ್ಟ್ಯಾಂಪ್ ಅಂಟಿಸಿ ಪತ್ರ ಹಾಕುವ ತಮ್ಮ ಈ ದ್ವೀಪದಲ್ಲಿ ನಾನೊಬ್ಬನೇ ಇರಬೇಕು. ಅದಕ್ಕೆ ಕಾರಣ ನೀನೇ. ‘ಫೋನ್ ಮಾಡಬ್ಯಾಡ, ಮನಿಗೂ ಬರಬ್ಯಾಡ. ಮಾತಾಡಿದರ ನೀ ಗೆಲ್ತಿ. ಬರದು ಕಳಸು’ ಎಂದು ಚೀಟಿ ಕಳಿಸಿದವಳು ನೀನು.

ಆ ಚೀಟಿ ಬಂದು ಹದಿನೇಳು ದಿನವಾಯಿತು. ತಡವಾದದ್ದಕ್ಕೆ ಕ್ಷಮಿಸು. ಸೀಸನ್ ಶುರುವಾಗಿದೆ, ಪುರುಸೊತ್ತಿಲ್ಲ ಎಂದು ಬರೆದರೆ ನೀನು ನಂಬುವುದಿಲ್ಲ, ನಾನೂ ನಂಬುವುದಿಲ್ಲ. ಐದು ಸಲ ಬರೆಯಲು ಕೂತು ಐದು ಸಲ ಎದ್ದೆ. ನೋಡಿ ನೋಡಿ ಸಾಕಾಗಿ ಸುಮಂಗಲಾ, ‘ಮಂದಿಗೆಲ್ಲಾ ಮಾರ್ಕ್ಸ್ ಹಾಕೂದು ಬರ್ತೈತಿ, ಅಕ್ಕಗ ನಾಕು ಸಾಲು ಬರಿಯೂದು ಬರಂಗಿಲ್ಲೇನ್ರಿ?’ ಎಂದಳು. ಆಮೇಲೆ ಪೆನ್ನು ಹುಡುಕಿಕೊಟ್ಟಳು.

ನೀನು ಕೇಳಿರುವುದು ಎರಡೇ ಪ್ರಶ್ನೆ. ಒಂದು, ನಿನ್ನ ಮಗ ಸೂರಜನನ್ನು ನಾನು ತಂಡದಿಂದ ತೆಗೆದದ್ದು ಯಾಕೆ. ಇನ್ನೊಂದು, ಓಸಾಕಾ ತಂಡದವರು ಇಪ್ಪತ್ನಾಲ್ಕನೇ ತಾರೀಖು ಅವನನ್ನು ಆಯ್ಕೆ ಪರೀಕ್ಷೆಗೆ ಕರೆದಿದ್ದಾರೆ. ‘ಮಾಮಾನೇ ಬೇಡ ಅಂದ ಮೇಲೆ ನಾನು ಯಾಕೆ ಹೋಗ್ಲಿ’ ಎಂದು ಅವನು ಕೋಣೆ ಬಿಟ್ಟು ಹೊರಗೆ ಬರುತ್ತಿಲ್ಲ. ಅವನಿಗೆ ಹೋಗು ಎನ್ನಬೇಕೋ ಬೇಡ ಎನ್ನಬೇಕೋ. ಎರಡಕ್ಕೂ ಉತ್ತರ ಹೇಳುತ್ತೇನೆ. ಆದರೆ ನಾನು ಮಾಡುವ ಕೆಲಸ ಏನು ಎನ್ನುವುದು ಮೂವತ್ತು ವರ್ಷದಿಂದ ನಮ್ಮ ಮನೆಯಲ್ಲಿ ಒಬ್ಬರಿಗೂ ಸರಿಯಾಗಿ ಗೊತ್ತಿಲ್ಲ. ಅದನ್ನು ಹೇಳದೆ ಇದನ್ನು ಹೇಳಿದರೆ ನಾನು ಬರೀ ಕಟುಕನಂತೆ ಕಾಣುತ್ತೇನೆ.

ಅಪ್ಪ ಸಾಯುವ ತನಕ ಗುಳೇದಗುಡ್ಡದ ತುಂಬ ಏನು ಹೇಳಿಕೊಂಡು ಓಡಾಡಿದರು, ನೆನಪಿದೆಯೇ? ‘ನಮ್ಮ ಹುಡುಗ ಅಮೆರಿಕಾದಾಗ ಫುಟ್‌ಬಾಲ್ ಫ್ಯಾಕ್ಟರಿ ಜನರಲ್ ಮ್ಯಾನೇಜರ್ ಅದಾನ!’ ಚೆಂಡು ಹೊಲಿಯುವ ಕಾರ್ಖಾನೆಯೇ ಆಗಿದ್ದರೆ ಎಷ್ಟೋ ಮರ್ಯಾದೆ ಇರುತ್ತಿತ್ತು. ಚೆಂಡು ಸರಿಯಿಲ್ಲದಿದ್ದರೆ ಬಿಚ್ಚಿ ಮತ್ತೆ ಹೊಲಿಯಬಹುದು. ನಾನು ನೋಡಿಕೊಳ್ಳುವುದು ಮನುಷ್ಯರನ್ನು. ಯಾರನ್ನು ತಂಡಕ್ಕೆ ತೆಗೆದುಕೊಳ್ಳಬೇಕು, ಯಾರನ್ನು ಇನ್ನೊಂದು ತಂಡಕ್ಕೆ ದಾಟಿಸಬೇಕು, ಯಾರನ್ನು ಮನೆಗೆ ಕಳಿಸಬೇಕು ಎಂದು ತೀರ್ಮಾನಿಸುವವನು ನಾನು. ಆಡಿಸುವವನು ಕೋಚ್, ಆಡುವವರು ಹುಡುಗರು. ಗೆದ್ದರೆ ಹಾರ ಅವರ ಕೊರಳಿಗೆ, ಸೋತರೆ ಉಗುಳು ನನ್ನ ಮುಖಕ್ಕೆ.

ಇಲ್ಲಿಯ ನಮ್ಮವರಿಗಾದರೂ ತಿಳಿದಿದೆಯೋ ಎಂದರೆ ಅದೂ ಇಲ್ಲ. ರಾಫೆಲ್ಸ್ ಪ್ಲೇಸ್‌ನಲ್ಲಿ ಯಾವುದೋ ಬ್ಯಾಂಕಿನ ಸಾಫ್ಟ್‌ವೇರ್ ಕಾಯುವ ಬದರೀನಾಥ ಇದ್ದಾನಲ್ಲ, ಕನ್ನಡ ಸಂಘದ ಕಾರ್ಯದರ್ಶಿ, ಅವನು ಜುಲೈನಲ್ಲಿ ಎಂಆರ್‌ಟಿ ರೈಲಿನಲ್ಲಿ ಸಿಕ್ಕ. ‘ಸಾರ್, ಲೀಡರ್‌ಶಿಪ್ ಬಗ್ಗೆ ಒಂದು ಟಾಕ್ ಕೊಡಿ ಸಾರ್, ನಮ್ ಯೂತ್ ಇನ್‌ಸ್ಪೈರ್ ಆಗ್ತಾರೆ. ಅಂದಹಾಗೆ ನಿಮ್ದು ರಗ್ಬಿನಾ, ಸಾಕರಾ?’ ಎಂದ. ಎರಡೂ ಅಲ್ಲ ಎಂದೆ. ‘ಓ, ಹೆಲ್ಮೆಟ್ ಹಾಕ್ಕೊಂಡು ಗುದ್ದಾಡ್ತಾರಲ್ಲ, ಅದು! ಅದರಲ್ಲಿ ಫುಟ್ಟೇ ಯೂಸ್ ಮಾಡಲ್ವಲ್ಲ ಸಾರ್?’ ಎಂದು ಇಡೀ ಬೋಗಿಗೆ ಕೇಳುವಂತೆ ನಕ್ಕ. ಯೂಸ್ ಮಾಡುವವನು ಒಬ್ಬನಿರುತ್ತಾನಪ್ಪಾ, ಅವನನ್ನು ಕಿಕ್ಕರ್ ಎನ್ನುತ್ತಾರೆ ಎಂದೆ. ಉಳಿದವರು ಒಬ್ಬರ ಮೇಲೊಬ್ಬರು ಬಿದ್ದು ಮೂಳೆ ಮುರಿದುಕೊಳ್ಳುತ್ತಿರುವಾಗ ಇವನು ಪಕ್ಕದಲ್ಲಿ ಇಸ್ತ್ರಿ ಕೆಡದ ಅಂಗಿಯಲ್ಲಿ ನಿಂತಿರುತ್ತಾನೆ. ಕೊನೆಯ ನಿಮಿಷದಲ್ಲಿ ಕರೆಯುತ್ತಾರೆ. ಎರಡು ಕಂಬಗಳ ನಡುವೆ ಚೆಂಡು ಹಾಯುವ ಹಾಗೆ ಒದೆಯಬೇಕು. ಹಾಯಿತೋ ಮೂರು ಅಂಕ. ಇಲ್ಲವೋ, ಎರಡು ಗಂಟೆ ಒದೆ ತಿಂದವರೆಲ್ಲ ಅವನನ್ನು ತಿನ್ನುವಂತೆ ನೋಡುತ್ತಾರೆ. ಇಷ್ಟು ಹೇಳುವಷ್ಟರಲ್ಲಿ ಬದರೀನಾಥನ ಸ್ಟೇಷನ್ ಬಂದು ಇಳಿದು ಹೋದ. ನಿನ್ನ ಮಗ ಆ ಕಿಕ್ಕರ್ ಎಂದು ಅವನಿಗೆ ಇನ್ನೂ ಗೊತ್ತಿಲ್ಲ.

ಧಾರವಾಡದಲ್ಲಿ ಸ್ಟ್ಯಾಟಿಸ್ಟಿಕ್ಸ್ ಎಂ.ಎಸ್ಸಿ. ಮುಗಿಸಿ ತೊಂಬತ್ತಮೂರರಲ್ಲಿ ನಾನು ಅಮೆರಿಕಾಕ್ಕೆ ಹೋದದ್ದು ಪಿಎಚ್.ಡಿ. ಮಾಡಲು. ಊಟದ ಖರ್ಚಿಗೆಂದು ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ವಿಡಿಯೊ ಕೋಣೆಯಲ್ಲಿ ಟೇಪ್ ಕತ್ತರಿಸುವ ಕೆಲಸಕ್ಕೆ ಸೇರಿದೆ. ಅಲ್ಲಿ ಒಂದು ವಿಷಯ ತಿಳಿಯಿತು. ಕೋಚುಗಳು ತಮ್ಮ ಕಣ್ಣಿನ ಬಗ್ಗೆ ಬಡಾಯಿ ಕೊಚ್ಚುತ್ತಾರೆ, ಆದರೆ ಅವರಿಗೆ ಕಾಣುವುದು ಎತ್ತರ, ದವಡೆ, ಹುಡುಗನ ಅಪ್ಪ ಯಾರು ಎನ್ನುವುದು ಅಷ್ಟೇ. ಯಾವ ಹುಡುಗ ನಲವತ್ತು ಸಲ ಆಡಿದರೆ ಎಷ್ಟು ಸಲ ಸರಿಯಾದ ಜಾಗಕ್ಕೆ ಬಂದ ಎಂದು ಒಬ್ಬರೂ ಎಣಿಸಿರಲಿಲ್ಲ. ನಾನು ಎಣಿಸಿದೆ. ಬಾಬ್ ಎನ್ನುವ ಸಹಾಯಕ ಕೋಚ್ ಒಬ್ಬ ಮಾತ್ರ ಅದನ್ನು ಓದಿದ. ಪಿಎಚ್.ಡಿ. ಅಲ್ಲಿಗೆ ನಿಂತಿತು.

ಆಮೇಲೆ ಹನ್ನೊಂದು ವರ್ಷ ಸ್ಕೌಟ್. ಬಾಡಿಗೆ ಕಾರಿನಲ್ಲಿ ಊರೂರು ಸುತ್ತಿ ಕಾಲೇಜು ಹುಡುಗರನ್ನು ನೋಡುವುದು, ಅಂಕ ಕೊಡುವುದು. ನನ್ನ ಜೊತೆಯವರು ತಟ್ಟೆಯ ತುಂಬ ಮಾಂಸ ಇಟ್ಟುಕೊಂಡು, ನಾನು ಬೇಯಿಸಿದ ಆಲೂಗಡ್ಡೆ ತಿನ್ನುವುದನ್ನು ನೋಡಿ ಅಯ್ಯೋ ಎನ್ನುತ್ತಿದ್ದರು. ವರ್ಷಕ್ಕೊಮ್ಮೆ ದೊಡ್ಡ ಹಾಲ್‌ನಲ್ಲಿ ಮುನ್ನೂರು ಹುಡುಗರನ್ನು ಚಡ್ಡಿಯಲ್ಲಿ ನಿಲ್ಲಿಸಿ ತೋಳು, ಅಂಗೈ, ಮೀನಖಂಡ ಅಳೆಯುತ್ತಾರೆ. ಅಮೀನಗಡದ ಕುರಿ ಸಂತೆಯಲ್ಲಿ ಹಲ್ಲು ನೋಡುವವರಿಗೆ ಇದಕ್ಕಿಂತ ಹೆಚ್ಚು ನಾಚಿಕೆ ಇರುತ್ತದೆ. ನಾನೂ ಟೇಪ್ ಹಿಡಿದು ಅಳೆದವನೇ. ಅಸಹ್ಯಪಡುತ್ತಾ ಅಳೆದೆ ಎನ್ನುವುದೊಂದೇ ವ್ಯತ್ಯಾಸ.

ನಲವತ್ತಾರನೇ ವಯಸ್ಸಿಗೆ ಜನರಲ್ ಮ್ಯಾನೇಜರ್ ಆದೆ. ಪತ್ರಿಕೆಗಳಲ್ಲಿ ಫೋಟೊ ಬಂತು, ನೀನು ಫ್ರೇಮ್ ಹಾಕಿಸಿದೆ. ತಂಡದ ಮಾಲೀಕ ಅಪ್ಪನ ಆಸ್ತಿ ಉಣ್ಣುವ, ಸಿಮೆಂಟ್ ಕಂಪನಿ ಧಣಿಯ ಮಗ. ಚೆಂಡು ಕೈಗೆ ಕೊಟ್ಟರೆ ಬಿಸಿ ಪಾತ್ರೆಯ ಹಾಗೆ ಹಿಡಿಯುತ್ತಿದ್ದ. ನನ್ನ ಹೆಸರು ಬಾಯಿಗೆ ಬರುವುದಿಲ್ಲವೆಂದು ನಾಲ್ಕು ವರ್ಷವೂ ‘ಪ್ರೊಫೆಸರ್’ ಎಂದೇ ಕರೆದ. ನಾನು ಬಾಬ್‌ನನ್ನು ಕೋಚ್ ಮಾಡಿಕೊಂಡೆ, ಯಾಕೆಂದರೆ ಅವನಿಗಿಂತ ಒಳ್ಳೆಯ ಕೋಚ್ ಆಗ ಬಿಡುವಾಗಿ ಇರಲಿಲ್ಲ. ಎರಡು ವರ್ಷ ಸೋತೆವು. ಮೂರನೇ ವರ್ಷ ಗೆಲ್ಲತೊಡಗಿದೆವು. ನಾಲ್ಕನೇ ವರ್ಷ ಆಟಗಾರರ ಕಾಲು ಮುರಿದವು, ಮತ್ತೆ ಸೋತೆವು. ಆಗ ರೇಡಿಯೊದಲ್ಲಿ ಕೂತು ಊರನ್ನೆಲ್ಲ ಬೈದು ಹೊಟ್ಟೆ ಹೊರೆಯುವ ಒಬ್ಬ, ಬಾಬ್‌ನ ಹೆಸರು ಹಿಡಿದು, ‘ಈ ಮನುಷ್ಯ ತನ್ನವರನ್ನು ಸಾಕುತ್ತಾನೆ’ ಎಂದ. ಅಷ್ಟೇ ಸಾಕಾಯಿತು. ಊರಿಗೆಲ್ಲ ಅದೇ ಮಾತು. ನಾನು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಕೂತಿದ್ದಾಗ ಮಾಲೀಕನ ಸೆಕ್ರೆಟರಿ ಫೋನ್ ಮಾಡಿ, ನಾಳೆಯಿಂದ ಬರಬೇಡಿ ಎಂದಳು. ಬಾಯಲ್ಲಿ ಹತ್ತಿ ಇತ್ತು, ಸರಿ ಎನ್ನಲೂ ಆಗಲಿಲ್ಲ.

ಮೂರು ವರ್ಷದ ಹಿಂದೆ ಈ ಏಷ್ಯಾ ಲೀಗ್ ಶುರುವಾದಾಗ ಸಿಂಗಾಪುರದ ತಂಡಕ್ಕೆ ನನ್ನನ್ನು ಕರೆಸಿದವರು ಮಿಸ್ಟರ್ ಪಾಂಗ್. ಬಾತ್‌ರೂಮ್ ಟೈಲ್ಸ್ ಮಾರಿ ದೊಡ್ಡವರಾದವರು. ನೀನು ಇದೇ ಊರಿನಲ್ಲಿದ್ದೀ ಎನ್ನುವ ಒಂದೇ ಕಾರಣಕ್ಕೆ ನಾನು ಒಪ್ಪಿದೆ, ಅದು ನಿನಗೂ ಗೊತ್ತು. ಆರು ತಂಡ, ಅರ್ಧ ತುಂಬದ ಸ್ಟೇಡಿಯಂ, ಬೆವರಿಗೆ ಹೆದರಿ ಎಸಿ ಪೆಟ್ಟಿಗೆಯಲ್ಲಿ ಕೂತು ನೋಡುವ ಮಾಲೀಕರು. ಅಮೆರಿಕಾದಲ್ಲಿ ಯಾರಿಗೂ ಬೇಡವಾದವರೆಲ್ಲ ಇಲ್ಲಿ ಬಂದು ಸೇರಿದ್ದೇವೆ, ಆಟಗಾರರೂ, ಕೋಚುಗಳೂ, ನಾನೂ.

ಪ್ರತಿ ತಂಡದಲ್ಲಿ ಎಂಟು ಜನ ಇಲ್ಲಿಯವರೇ ಇರಬೇಕೆಂದು ನಿಯಮ. ಉಳಿದ ತಂಡಗಳು ಆ ಎಂಟನ್ನು ಲೆಕ್ಕ ತುಂಬಿಸಲು ಇಟ್ಟುಕೊಳ್ಳುತ್ತವೆ. ನಾನು ಹಾಗೆ ಮಾಡಲಿಲ್ಲ. ಹೋದ ವರ್ಷ ನಿಮ್ಮ ಬ್ಲಾಕಿನ ಹಿಂದಿನ ಮೈದಾನದಲ್ಲಿ ಸೂರಜ ಗೆಳೆಯರೊಂದಿಗೆ ಆಡುತ್ತಿದ್ದುದನ್ನು ನಾನು ಬೇಲಿಯ ಹೊರಗೆ ನಿಂತು ಒಂದೂವರೆ ಗಂಟೆ ನೋಡಿದೆ. ಅವನಿಗೆ ಗೊತ್ತಾಗಲಿಲ್ಲ. ಪ್ರತಿ ಒದೆತಕ್ಕೂ ಅವನ ಕಾಲು ಅದೇ ಜಾಗದಲ್ಲಿ ಊರುತ್ತಿತ್ತು. ಬ್ಯಾಂಕಿನ ಕೆಲಸ ಬಿಡು ಎಂದು ಅವನಿಗೆ ಹೇಳಿದವನು ನಾನು. ನೀನು ಬೇಡ ಎಂದೆ, ಕಣ್ಣೀರು ಹಾಕಿದೆ, ಎರಡು ದಿನ ನನ್ನ ಜೊತೆ ಮಾತು ಬಿಟ್ಟೆ. ನಿನ್ನ ಅಡುಗೆಮನೆಯಲ್ಲೇ ಕೂತು ಮಾತಾಡಿ ನಿನ್ನನ್ನು ಒಪ್ಪಿಸಿದೆ. ಈಗ ಮಾತಾಡಬೇಡ, ಬರೆ ಎನ್ನುತ್ತಿರುವುದು ಅದಕ್ಕೇ ಎಂದು ನನಗೆ ತಿಳಿಯುತ್ತದೆ.

ಆಗಸ್ಟ್ ಮೊದಲ ವಾರ ಮಿಸ್ಟರ್ ಪಾಂಗ್ ಎಲ್ಲರನ್ನೂ ಹೋಟೆಲಿಗೆ ಊಟಕ್ಕೆ ಕರೆದಿದ್ದರು. ಸೂರಜ ನನ್ನ ಅಕ್ಕನ ಮಗ ಎಂದು ಯಾರೋ ಅವರ ಕಿವಿಗೆ ಹಾಕಿದ್ದಾರೆ. ಇಡೀ ಟೇಬಲ್ಲಿನ ಎದುರು ಚಾಪ್‌ಸ್ಟಿಕ್ ಎತ್ತಿ ನನ್ನತ್ತ ತೋರಿಸಿ, ‘ಫ್ಯಾಮಿಲಿ ಕಿಕ್ಕರ್, ಆ? ಗುಡ್ ಲಾ, ಗುಡ್ ಲಾ. ನೆಕ್ಸ್ಟ್ ಇಯರ್ ವೈಫ್ ಆಲ್ಸೋ ಕ್ಯಾನ್ ಪ್ಲೇ!’ ಎಂದರು. ಎಲ್ಲರೂ ನಕ್ಕರು. ಟೈಲ್ಸ್ ಮಾರುವವರ ಹಾಸ್ಯ ಇಷ್ಟೇ. ನಾನೂ ನಕ್ಕೆ. ಅದಕ್ಕೂ ನೀನು ಕೇಳಿದ್ದಕ್ಕೂ ಯಾವ ಸಂಬಂಧವೂ ಇಲ್ಲ, ಸುಮ್ಮನೆ ಇಲ್ಲಿಯ ಜನ ಎಂಥವರು ಎಂದು ತಿಳಿಯಲಿ ಎಂದು ಬರೆದೆ.

ಈಗ ನಿನ್ನ ಮೊದಲ ಪ್ರಶ್ನೆ. ಸೀಸನ್ನಿಗೆ ಮುಂಚೆ ಎಪ್ಪತ್ತು ಜನರನ್ನು ನಲವತ್ತೈದಕ್ಕೆ ಇಳಿಸಬೇಕು. ಅದರ ಹಿಂದಿನ ದಿನ ನಾನು ಒಬ್ಬನೇ ಕೋಣೆಯ ಬಾಗಿಲು ಹಾಕಿಕೊಂಡು, ಎಲ್ಲರ ವಿಡಿಯೊ ನೋಡಿ, ಪೆನ್ಸಿಲ್ಲಿನಲ್ಲಿ ನೂರಕ್ಕೆ ಇಷ್ಟು ಎಂದು ಅಂಕ ಬರೆಯುತ್ತೇನೆ. ಕೋಚ್ ಒಳಗೆ ಬರುವಂತಿಲ್ಲ, ಮಾಲೀಕ ಬರುವಂತಿಲ್ಲ. ನನಗೆ ಈ ಪ್ರಪಂಚದಲ್ಲಿ ಇರುವ ಹೆಸರೆಂದರೆ ಆ ಅಂಕಗಳದ್ದು. ನಮ್ಮ ತಂಡವನ್ನು ಹೀಗಳೆಯುವವರೂ ನನ್ನ ಅಂಕವನ್ನು ಹೀಗಳೆಯುವುದಿಲ್ಲ. ಓಸಾಕಾದ ಮ್ಯಾನೇಜರ್ ಕೂಡ ಸೂರಜನನ್ನು ಕರೆಯುವ ಮುಂಚೆ, ಎಷ್ಟು ಕೊಟ್ಟಿದ್ದೀರಿ ಎಂದು ನನಗೇ ಫೋನ್ ಮಾಡಿದ. ಹೇಳಿದೆ. ಕೇಳಿಯೂ ಕರೆದಿದ್ದಾನೆ, ಅದು ಅವನ ಧೈರ್ಯ.

ಕಿಕ್ಕರ್ ಜಾಗ ಒಂದೇ. ಇದ್ದವರು ಇಬ್ಬರು. ಸೂರಜ, ಮತ್ತೆ ಟೆಕ್ಸಾಸ್‌ನಿಂದ ಬಂದ ಕೋಡಿ ಎನ್ನುವ ಹುಡುಗ. ಕೋಡಿಗೆ ಎಪ್ಪತ್ತಾರು ಬಂತು. ಸೂರಜನಿಗೆ ಎಪ್ಪತ್ತೊಂದು ಬಂತು. ಹೆಚ್ಚು ಬಂದವನು ಉಳಿದ, ಕಡಿಮೆ ಬಂದವನು ಹೋದ. ಇದರಲ್ಲಿ ಅಕ್ಕನ ಮಗ, ಅಣ್ಣನ ಮಗ ಎಂದೇನೂ ಇಲ್ಲ.

ತೆಗೆಯುವ ದಿನಕ್ಕೆ ಈ ಆಟದಲ್ಲಿ ಒಂದು ಪದ್ಧತಿ ಇದೆ. ಮ್ಯಾನೇಜರ್ ತಾನೇ ಹೋಗಿ ಕರೆಯುವುದಿಲ್ಲ. ಒಬ್ಬ ಆಳು ಬೆಳಿಗ್ಗೆ ಹೋಗಿ, ‘ಸಾಹೇಬರು ಕರೀತಾರೆ, ಟ್ಯಾಬ್ ತಗೊಂಡು ಬಾ’ ಎನ್ನುತ್ತಾನೆ. ಆ ಟ್ಯಾಬಿನಲ್ಲಿ ತಂಡದ ಆಟದ ತಂತ್ರಗಳೆಲ್ಲ ಇರುತ್ತವೆ. ಅದನ್ನು ತಾ ಎಂದರೆ ಮುಗಿಯಿತು. ನಮ್ಮಲ್ಲಿ ಆ ಕೆಲಸ ಮಂಡ್ಯದ ಕಡೆಯ ಪುಟ್ಟಸ್ವಾಮಿಯದು. ಹೆಲ್ಮೆಟ್ಟು, ಬಟ್ಟೆ, ಚೆಂಡು ಎಲ್ಲ ನೋಡಿಕೊಳ್ಳುವವನು. ಆ ಒಂದು ವಾರ ಅವನು ಕಾರಿಡಾರಿನಲ್ಲಿ ನಡೆದರೆ ಇನ್ನೂರ ಎಂಬತ್ತು ಪೌಂಡಿನ ಗಂಡಸರು ಟಾಯ್ಲೆಟ್‌ನಲ್ಲಿ ಅಡಗಿಕೊಳ್ಳುತ್ತಾರೆ. ಆವತ್ತು ಅವನು ಪಟ್ಟಿ ಓದಿ ನನ್ನ ಟೇಬಲ್ಲಿನ ಎದುರು ನಿಂತೇ ಇದ್ದ.

‘ಸಾರ್, ಇಪ್ಪತ್ನಾಲ್ಕ್ ಜನಕ್ಕೆ ನಾನ್ ಹೋಯ್ತೀನಿ. ಸೂರಜ್ ಹತ್ರ ನೀವೇ ಹೋಗಿ ಸಾರ್’ ಎಂದ.

ಪದ್ಧತಿ ಪದ್ಧತಿಯೇ ಎಂದೆ.

‘ಅಲ್ಲಾ ಸಾರ್, ಮೊನ್ನೆ ತಾನೆ ಅವ್ರ ತಾಯಿ ನಂಗೂ ಸೇರಿಸಿ ಹೋಳಿಗೆ ಕಟ್ ಕಳಿಸಿದ್ರು’ ಎಂದ. ಹೋಳಿಗೆ ತಿಂದವನಿಗೆ ಅಂಕದ ಗೊಡವೆ ಬೇಡ, ಹೋಗು ಎಂದೆ. ಹೋದ. ಅವನಿಗಿಷ್ಟು ನೀತಿ ಎಲ್ಲಿಂದ ಬಂತೋ.

ಸೂರಜ ಬಂದ. ಟ್ಯಾಬನ್ನು ಟೇಬಲ್ಲಿನ ಮೇಲಿಟ್ಟ, ಚಾರ್ಜರನ್ನೂ ಸುತ್ತಿ ಪಕ್ಕಕ್ಕಿಟ್ಟ. ಬೇರೆ ಯಾರೂ ಚಾರ್ಜರ್ ತರುವುದಿಲ್ಲ. ‘ಎಷ್ಟು ಬಂತು ಮಾಮಾ?’ ಎಂದ. ಹೇಳಿದೆ. ‘ಓಕೆ ಲಾ. ನಾನು ಐ ಥಾಟ್ ಸ್ವಲ್ಪ ಜಾಸ್ತಿ ಬರತ್ತೆ ಅಂತ. ಬಟ್ ನೀವು ಸೆವೆಂಟಿ ಒನ್ ಅಂದ್ರೆ ಸೆವೆಂಟಿ ಒನ್ನೇ. ನೀವು ಫೇರ್ ಆಗಿ ನೋಡಿದ್ರಲ್ಲ, ಅಷ್ಟು ಸಾಕು’ ಎಂದ. ಕೈಕುಲುಕಿ ಹೋದ. ಎರಡು ನಿಮಿಷವೂ ಹಿಡಿಯಲಿಲ್ಲ. ಉಳಿದವರ ಹಾಗೆ ಅವನು ಅಳಲಿಲ್ಲ, ಕೂಗಾಡಲಿಲ್ಲ, ನನ್ನ ತಾಯಿಯ ಹೆಸರು ಎತ್ತಲಿಲ್ಲ. ನಿನ್ನ ಸಂಸ್ಕಾರ.

ನೀನು ಇದನ್ನು ಅರ್ಥಮಾಡಿಕೊಳ್ಳಬೇಕು, ಯಾಕೆಂದರೆ ನನಗೆ ಇದನ್ನು ಕಲಿಸಿದವಳು ನೀನೇ. ಐದನೇ ಇಯತ್ತೆಯಲ್ಲಿ ನೀನು ನನ್ನ ಕನ್ನಡ ಟೀಚರ್. ವಾರ್ಷಿಕ ಪರೀಕ್ಷೆಯಲ್ಲಿ ನನಗೆ ಐವತ್ತಕ್ಕೆ ಮೂವತ್ತೆಂಟು, ಗೌಡರ ಮಗನಿಗೆ ನಲವತ್ತು. ಅವನಿಗೆ ಒತ್ತಕ್ಷರ ಸರಿಯಾಗಿ ಬರುತ್ತಿರಲಿಲ್ಲ. ಅವ್ವ ಕೇಳಿದಾಗ ನೀನು, ‘ಮಂದಿ ತಮ್ಮಗ ಹಾಕ್ಯಾಳ ಅಂತಾರ’ ಎಂದೆ. ಹೆಡ್‌ಮಾಸ್ತರರು ಪ್ರಾರ್ಥನೆಯ ಹೊತ್ತಿನಲ್ಲಿ ಇಡೀ ಶಾಲೆಯ ಎದುರು ನಿನ್ನ ನಿಷ್ಪಕ್ಷಪಾತವನ್ನು ಹೊಗಳಿದರು. ನಾನು ಸಾಲಿನಲ್ಲಿ ನಿಂತು ಚಪ್ಪಾಳೆ ತಟ್ಟಿದೆ. ಆವತ್ತು ನಾನು ಗೊಣಗಲಿಲ್ಲ. ನೀನೂ ಈಗ ಗೊಣಗಬಾರದು.

ಎರಡನೇ ಪ್ರಶ್ನೆಗೆ ಉತ್ತರ ಚಿಕ್ಕದು. ಸೂರಜನಿಗೆ ಇಪ್ಪತ್ತೈದು ವರ್ಷ. ಓಸಾಕಾಕ್ಕೆ ಹೋಗುವುದೂ ಬಿಡುವುದೂ ಅವನ ಇಷ್ಟ. ನಾನು ಹೋಗು ಎಂದರೆ ಮಾಮಾ ಸಮಾಧಾನಕ್ಕೆ ಹೇಳಿದ ಎನ್ನುತ್ತಾನೆ, ಬೇಡ ಎಂದರೆ ಅವನೀಗ ಹೇಗೂ ಹೋಗುತ್ತಿಲ್ಲ. ಬ್ಯಾಂಕಿನವರು ಮತ್ತೆ ತೆಗೆದುಕೊಳ್ಳಬಹುದು, ಕೇಳಿ ನೋಡಲಿ. ಒದೆಯುವುದೊಂದೇ ಬದುಕಲ್ಲ.

ನಿನ್ನ ಮೊಣಕಾಲು ಹೇಗಿದೆ? ಲಿಫ್ಟ್ ರಿಪೇರಿ ಆಯಿತೇ? ಸುಮಂಗಲಾ ಶೇಂಗಾ ಚಟ್ನಿಪುಡಿ ಮಾಡಿದ್ದಾಳೆ, ನೀನು ಮಾತಾಡಿಸುವ ತನಕ ಕಳಿಸುವುದಿಲ್ಲವಂತೆ, ನನ್ನ ಮೇಲಿನ ಸಿಟ್ಟಿಗೆ ನಿನಗೆ ಯಾಕೆ ಈ ಶಿಕ್ಷೆಯೋ ತಿಳಿಯದು. ಸೂರಜನಿಗೆ ಬಸವಣ್ಣ ಒಳ್ಳೆಯದು ಮಾಡಲಿ. ನಿನ್ನ ಕೈ ನನ್ನ ತಲೆಯ ಮೇಲಿರಲಿ, ಸದ್ಯಕ್ಕೆ ಹೊಡೆಯಲಿಕ್ಕಾದರೂ.

ನಿನ್ನ ತಮ್ಮ,
ಶಿವಯೋಗೀಶ

ತಾ.ಕ. ಭಾನುವಾರ, ಮಧ್ಯಾಹ್ನ.

ಲಕೋಟೆ ಅಂಟಿಸುವ ಮುಂಚೆ ಸುಮಂಗಲಾ ಇದನ್ನು ಓದಿದಳು. ಓದಿ ಮಡಚಿ ನನ್ನ ಮುಂದಿಟ್ಟು, ‘ಎಲ್ಲಾರಿಗೂ ಬೈದೀರಿ, ಛಲೋ ಆತು. ಎಪ್ಪತ್ತೊಂದು ಖರೇನ ಬಂದಿತ್ತೇನ್ರಿ?’ ಎಂದಳು. ಮೂವತ್ತು ವರ್ಷದಲ್ಲಿ ಅವಳು ನನ್ನ ಅಂಕದ ಬಗ್ಗೆ ಕೇಳಿದ್ದು ಇದೇ ಮೊದಲು. ಅದಕ್ಕೆ ಉತ್ತರ ನಿನಗೆ ಕೊಡುತ್ತಿದ್ದೇನೆ.

ಎಪ್ಪತ್ತೊಂದು ಸುಳ್ಳು. ನಾನು ಸೂರಜನಿಗೆ ಬರೆದದ್ದು ಎಂಬತ್ತಮೂರು.

ಇಷ್ಟು ವರ್ಷದಲ್ಲಿ ಒಬ್ಬ ಕಿಕ್ಕರನಿಗೆ ಎಂಬತ್ತು ದಾಟಿ ನಾನು ಕೊಟ್ಟದ್ದು ಮೂರು ಸಲ. ಮೂರನೆಯವನು ನಿನ್ನ ಮಗ. ಆ ಸಂಖ್ಯೆ ನೋಡಿ ಸಂತೋಷವಾಗಬೇಕಿತ್ತು. ಆಗಲಿಲ್ಲ, ಹೆದರಿಕೆಯಾಯಿತು. ನಾಳೆ ಪಾಂಗ್ ಹೇಗೆ ನಗುತ್ತಾನೆ, ರೇಡಿಯೊದವರು ಏನು ಹೇಳುತ್ತಾರೆ, ಇಲ್ಲಿಂದಲೂ ನನ್ನನ್ನು ತನ್ನವರನ್ನು ಸಾಕುವವನೆಂದು ಓಡಿಸಿದರೆ ಐವತ್ತೇಳನೇ ವಯಸ್ಸಿನಲ್ಲಿ ಎಲ್ಲಿಗೆ ಹೋಗಲಿ ಎಂದು ಇಷ್ಟೂ ಯೋಚನೆ ಬಂತು. ರಬ್ಬರ್ ತೆಗೆದುಕೊಂಡು ಅಳಿಸಿದೆ. ಎಪ್ಪತ್ತೊಂದು ಬರೆದೆ. ಕಾಗದದ ಮೇಲಿನ ಪುಡಿಯನ್ನು ಊದಿ ತೆಗೆದೆ. ಯಾರೂ ಒತ್ತಾಯ ಮಾಡಲಿಲ್ಲ, ಯಾರೂ ಕೇಳಲೂ ಇಲ್ಲ. ಮೇಲೆ ಇಷ್ಟು ಜನರನ್ನು ಹೀಗಳೆದೆನಲ್ಲ, ಅವರಲ್ಲಿ ಒಬ್ಬನೂ ಇಂಥ ಕೆಲಸ ಮಾಡಿದವನಲ್ಲ. ಪಾಂಗ್ ಕೂಡ, ಕಿಕ್ ಚೆನ್ನಾಗಿದ್ದರೆ ತನ್ನ ಜೋಕನ್ನು ತಾನೇ ಮರೆತುಬಿಡುತ್ತಿದ್ದ.

ಕೋಡಿ ಹೋದ ಶನಿವಾರ ಮೂರರಲ್ಲಿ ಎರಡು ತಪ್ಪಿಸಿದ. ನಾವು ಸೋತೆವು. ಎಲ್ಲರೂ ಅವನನ್ನು ಬೈದರು, ಮಾಮಾ ಅಳಿಯ ಎಂಬ ಮಾತು ಯಾರ ಬಾಯಲ್ಲೂ ಬರಲಿಲ್ಲ. ನನಗೆ ನೆಮ್ಮದಿಯಾಯಿತು, ಅಕ್ಕಾ. ಅದನ್ನು ಬರೆಯಲೇ ಇಷ್ಟು ದಿನ ಹಿಡಿಯಿತು.

ಓಸಾಕಾದವನಿಗೆ ಈಗಷ್ಟೇ ಫೋನ್ ಮಾಡಿ ನಿಜ ಹೇಳಿದೆ. ಹೊರಗಿನವನಿಗೆ ಹೇಳುವುದು ಸುಲಭ. ಪಾಂಗ್‌ಗೆ ಹೇಳಿಲ್ಲ, ಹೇಳುವಷ್ಟು ಗಂಡಸು ನಾನು ಇನ್ನೂ ಆಗಿಲ್ಲ. ಸೂರಜ ನನ್ನ ಎದುರು ನಿಂತು, ಫೇರ್ ಆಗಿ ನೋಡಿದಿರಿ ಎಂದು ಕೈಕು‌ಲುಕಿದವನು. ಅವನಿಗೆ ಬಾಯಿಬಿಟ್ಟು ಹೇಳಲು ನನ್ನಿಂದ ಆಗುವುದಿಲ್ಲ. ಕೇಳಿದ ಮೇಲೆ ಅವನು ನನ್ನನ್ನು ಮಾಮಾ ಎನ್ನುವುದಿಲ್ಲ. ಬೇಡ, ಅನ್ನುವುದು ಬೇಡ. ಅವನು ತನ್ನ ಕಾಲನ್ನು ನಂಬಿದರೆ ಸಾಕು. ಓಸಾಕಾಕ್ಕೆ ಹೋಗಲಿ. ಹೋಗು ಎಂದು ಹೇಳು.

ಅವನಿಗೆ ಕನ್ನಡ ಓದಲು ಬರುವುದಿಲ್ಲ. ನೀನೇ ಓದಬೇಕು. ಮೇಲಿನ ನನ್ನ ಬಡಾಯಿಯನ್ನೆಲ್ಲ ಬಿಡು, ಇದೊಂದನ್ನು ಓದು. ಎಂಬತ್ತಮೂರು ಎಂದಿರುವ ಕಡೆ ನಿಲ್ಲಿಸಿ ಇನ್ನೊಂದು ಸಲ ಓದು. ಮೊದಲನೇ ಸಲ ಅವನು ನಂಬುವುದಿಲ್ಲ.